ಪರದೆಗೆ ತೊಡಿಸಿದ ಪೇಟ

ಮೈಕು ಕೈಗೆ ಸಿಕ್ಕರೆ ಬಿಡುವ ಆಸಾಮಿ ನಾನಲ್ಲ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಯಲಹಂಕದಾಚೆಯ ನಮ್ಮ ಕಾಲೇಜಿನಲ್ಲಿ ಮಾತ್ರ ಅದನ್ನು ಅನುಭವ ಎಂದು ಕರೆದು, ಸಮಾರಂಭಗಳ ವಂದನಾರ್ಪಣೆಯನ್ನೆಲ್ಲ ನನ್ನ ತಲೆಗೇ ಕಟ್ಟುತ್ತಾರೆ. ಆ ವರ್ಷ ಇನ್ನೊಂದನ್ನೂ ಕಟ್ಟಿದರು. ಪೋಲೆಂಡಿನ ಒಂದು ವಿಶ್ವವಿದ್ಯಾಲಯದ ಹುಡುಗರೂ ನಮ್ಮ ಹುಡುಗರೂ ಇಂಟರ್‌ನೆಟ್ಟಿನಲ್ಲಿ ಜೋಡಿ ಜೋಡಿಯಾಗಿ ಕೆಲಸ ಮಾಡಿ ಒಬ್ಬರ ಸಂಸ್ಕೃತಿಯನ್ನು ಇನ್ನೊಬ್ಬರು ಅರಿಯಬೇಕಂತೆ. ಅದಕ್ಕೆ ನಾನು ಸಂಯೋಜಕ. ಮೂರು ತಿಂಗಳು ಈಮೇಲು, ಕೊನೆಗೆ ಒಂದೇ ಒಂದು ಗಂಟೆ ವಿಡಿಯೋದಲ್ಲಿ ಮುಖಾಮುಖಿ ಮಾತು.

ನನ್ನ ತರಗತಿಯ ನಾಗವೇಣಿ ರಾಜಾನುಕುಂಟೆಯವಳು. ಹಾಜರಿ ಕೂಗಿದಾಗ ಬಿಟ್ಟರೆ ಎರಡು ವರ್ಷದಲ್ಲಿ ಬಾಯಿ ತೆರೆದವಳಲ್ಲ. ಅವಳ ಜೋಡಿಯಾದ ಅನ್ನಾ ಎಂಬ ಹುಡುಗಿಯ ಮನೆಯಲ್ಲೂ ಹಸುಗಳಿದ್ದವು. ಇಬ್ಬರಿಗೂ ಮಾತು ಕೂಡಿತು. "ಕರು ಆಕ್ದಾಗ ಬೀದಿಗೆಲ್ಲ ಎಂಗೆ ಗಿಣ್ಣು ಅಂಚ್ತೀವಿ ಅಂತ ಯೇಳ್ಲಾ ಸಾರ್?" ಎಂದು ಕೇಳಿಕೊಂಡು ಹೋಗಿ, ವಿಡಿಯೋ ದಿನಕ್ಕೆಂದು ಐದು ನಿಮಿಷದ ಇಂಗ್ಲಿಷ್ ಮಾತನ್ನು ಹದಿನೈದು ದಿನ ಬಾಯಿಪಾಠ ಮಾಡಿದಳು.

ಆ ದಿನ ಬಂತು. ನಮ್ಮಲ್ಲಿ ದೀಪ ಹಚ್ಚದೆ ಏನೂ ಶುರುವಾಗುವುದಿಲ್ಲ. ಪ್ರಾರ್ಥನೆ, ದೀಪ, ಸ್ವಾಗತ, ಆಮೇಲೆ ಪ್ರಾಂಶುಪಾಲರ ನಾಲ್ಕು ಮಾತು. ನಾಲ್ಕು ಎಂದರೆ ಹದಿನಾಲ್ಕು ನಿಮಿಷ. ಅನಂತರ ಅಧ್ಯಕ್ಷರು. ತಮ್ಮ ಹೊಲ ಲೇಔಟಾಗಿ ಬಂದ ದುಡ್ಡಿನಲ್ಲಿ ಕಾಲೇಜು ಕಟ್ಟಿಸಿದವರು. "ಅತಿಥಿಗಳ್ಗೆ ಸನ್ಮಾನ ಎಲ್ರೀ ಮೇಷ್ಟ್ರೇ?" ಎಂದರು. ಅತಿಥಿಗಳು ಕಂಪ್ಯೂಟರಿನ ಒಳಗಿದ್ದಾರೆ ಎಂದೆ. "ಒಳಗಿದ್ರೆ ಏನಂತೆ? ಆ ಪೆಟ್ಟಿಗೆಗೇ ಶಾಲು ಆಕ್ರೀ, ಪೇಟ ಇಡ್ರೀ!" ಹಾಕಿದೆವು, ಇಟ್ಟೆವು. ಪರದೆಯ ನೆತ್ತಿಯ ಮೇಲಿದ್ದ ಕ್ಯಾಮೆರಾ ಮೈಸೂರು ಪೇಟದೊಳಗೆ ಹೋಯಿತು. ಅಧ್ಯಕ್ಷರ ಭಾಷಣ ಮುಗಿಯುವವರೆಗೂ ಪೋಲೆಂಡಿನವರು ನೋಡಿದ್ದು ಪೇಟದ ಒಳಮೈಯನ್ನು. ಅವರು ಗಾಬರಿಯಾಗಿ "ಹಲೋ, ಹಲೋ" ಎಂದಾಗೆಲ್ಲ ನಾವು ಚಪ್ಪಾಳೆ ತಟ್ಟಿದೆವು.

ಪೇಟ ತೆಗೆದಾಗ ಆ ಒಂದು ಗಂಟೆಯಲ್ಲಿ ಒಂಬತ್ತು ನಿಮಿಷ ಉಳಿದಿತ್ತು. ನಾಗವೇಣಿ ಮೊದಲ ಸಾಲಿನಲ್ಲಿ ಚೀಟಿ ಹಿಡಿದು ಅರ್ಧ ಎದ್ದಿದ್ದಳು. ನಾನು ಮೈಕು ತೆಗೆದುಕೊಂಡೆ. ವಂದನಾರ್ಪಣೆ ಎರಡೇ ನಿಮಿಷ ಎಂದುಕೊಂಡಿದ್ದೆ, ದೇವರಾಣೆ. ಆದರೆ ಅಧ್ಯಕ್ಷರ ಮನೆಯವರನ್ನು ಬಿಡಲಾದೀತೇ? ಶಾಮಿಯಾನದವರನ್ನು? ಜನರೇಟರಿನವರನ್ನು? ಜನರೇಟರಿಗೆ ಬರುವ ಹೊತ್ತಿಗೆ ಆ ಕಡೆಯ ಅಧ್ಯಾಪಕಿ, ತಮಗೆ ಮುಂದಿನ ತರಗತಿಯಿದೆ ಎಂದು ಕ್ಷಮೆ ಕೇಳಿ ಕೈ ಬೀಸಿದರು. ಪರದೆ ಕಪ್ಪಾಯಿತು. "ಪರ್ವಾಗಿಲ್ಲ ಬಿಡಿ ಸಾರ್" ಎಂದು ನಾಗವೇಣಿ ಚೀಟಿ ಮಡಚಿದಳು. ಬೈದಿದ್ದರೆ ವಾಸಿಯಿತ್ತು. ವಿದ್ಯಾರ್ಥಿಗಳ ಅಂತರ್‌ಸಾಂಸ್ಕೃತಿಕ ಕೌಶಲ ಗಣನೀಯವಾಗಿ ಬೆಳೆದಿದೆ ಎಂದು ವರದಿ ಬರೆದವನೂ ನಾನೇ; ಬರೆಯುವಾಗ ನನಗೇ ನಾಚಿಕೆಯಾಯಿತು, ಆದರೂ ಬರೆದೆ.

ವಾರ ಬಿಟ್ಟು ನಾಗವೇಣಿ ಅನ್ನಾಳ ಈಮೇಲು ತಂದು ತೋರಿಸಿದಳು. ಆ ಹುಡುಗಿ ವ್ಯಂಗ್ಯವಾಡಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದಳು: ನಿಮ್ಮಲ್ಲಿ ವಿದ್ಯಾರ್ಥಿಗಳು ಮಾತಾಡುವುದು ಯಾವಾಗ?

"ಏನಂತ ಬರೀಲಿ ಸಾರ್? ನಾನೇ ಒಂದೆರಡು ಸಾಲು..." ಎಂದು ಪೆನ್ನು ತೆಗೆದಳು.

"ನೀನು ಸುಮ್ನಿರಮ್ಮ, ಕೊಡಿಲ್ಲಿ" ಎಂದೆ. "ಎಲ್ಲಾ ವಿವರವಾಗಿ ನಾನೇ ಬರೀತೀನಿ."