ಚಿಪ್‌ಸೆಟ್ ಸ್ಟೇಬಲ್ ಆಗುವವರೆಗೆ

ನನಗೊಂದು ಅಭ್ಯಾಸವಿದೆ: ಹೊಸದೇನನ್ನೂ ಅದು ಹೊಸದಾಗಿರುವಾಗ ಕೊಳ್ಳುವುದಿಲ್ಲ. ಚಪ್ಪಲಿಯನ್ನು ಕೂಡ, ಬೇರೆ ಯಾರಾದರೂ ಮೆಟ್ಟಿ ಕಚ್ಚುವುದಿಲ್ಲವೆಂದು ಹೇಳಿದ ಮೇಲೆಯೇ ತೆಗೆದುಕೊಳ್ಳುತ್ತೇನೆ. ತಪ್ಪು ನನ್ನೊಬ್ಬನದಲ್ಲ, ನಮ್ಮ ಸೀಮೆಯದು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಅದು ಕೊಬ್ಬರಿಯಾಗಲೆಂದು ಹತ್ತಿರ ಹತ್ತಿರ ಒಂದು ವರ್ಷ ಕೆಳಗೆ ಕೂತು ಕಾಯುವ ಜನ ನಾವು. ಆಮೇಲೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿ ಚಿಪ್ಪು ಬಿಟ್ಟ ಗಿಟಕು ಲೊಡಲೊಡ ಎಂದರೆ ಮಾತ್ರ ಸುಲಿಯುವುದು. ನಮ್ಮ ಮನೆಯಲ್ಲಿ ಅಂಥ ಕಿವಿ ಇದ್ದದ್ದು ನನ್ನ ಹೆಂಡತಿ ಜಯಮ್ಮನಿಗೆ. ಅವಳು ತೀರಿಕೊಂಡು ಮೂರು ವರ್ಷವಾಯಿತು. ಈಗ ನೊಣವಿನಕೆರೆಯ ಮನೆಯಲ್ಲಿರುವುದು ನಾನು ಮತ್ತು ಒಂದು ಹಳೆಯ ಕಂಪ್ಯೂಟರ್. ಅದರ ಫ್ಯಾನು ಗೊರ್ ಎನ್ನುತ್ತಿದ್ದರೆ ಒಳಕೋಣೆಯಲ್ಲಿ ಯಾರೋ ಇದ್ದಾರೆ ಎನಿಸುತ್ತದೆಂದು ಕೆಲಸವಿಲ್ಲದಾಗಲೂ ಆನ್ ಮಾಡಿಟ್ಟಿರುತ್ತಿದ್ದೆ.

ಹೋದ ವರ್ಷ ಅದು ಪದೇ ಪದೇ ನಿಂತುಹೋಗತೊಡಗಿತು. ತಿಪಟೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ರಿಯಾಜ್ ಬಿಚ್ಚಿ ನೋಡಿ, "ಮದರ್‌ಬೋರ್ಡ್ ಕತೆ ಮುಗೀತು ಸಾರ್. ಹೊಸ ಚಿಪ್‌ಸೆಟ್‌ನ ಬೋರ್ಡು ಬತ್ತಾ ಐತೆ, ಕಾಯ್ತೀರಾ?" ಎಂದ. ಕಾಯ್ತೀರಾ ಎಂದು ಯಾರನ್ನು ಕೇಳುತ್ತಿದ್ದೇನೆಂದು ಪಾಪ ಅವನಿಗೆ ಗೊತ್ತಿರಲಿಲ್ಲ. ಬೋರ್ಡಿನ ಮೇಲಿನ ಭಾಗಗಳು ಒಂದರ ಮಾತು ಇನ್ನೊಂದು ಕೇಳುವಂತೆ ನೋಡಿಕೊಳ್ಳುವುದೇ ಚಿಪ್‌ಸೆಟ್ ಎಂದೂ ಅವನೇ ವಿವರಿಸಿದ. ಅಂಥದ್ದೊಂದು ನಮ್ಮ ಮನೆಗೂ ಬೇಕಿತ್ತು, ಆದರೆ ಮಾತಾಡಲು ಇರುವವನು ನಾನೊಬ್ಬನೇ.

ಅಲ್ಲಿಂದ ಪ್ರತಿ ಶನಿವಾರ ಬಸ್ಸು ಹತ್ತಿ ಅವನ ಅಂಗಡಿಗೆ ಹೋಗುವುದು, "ಬಂತೇನಪ್ಪ?" ಎನ್ನುವುದು, ಅವನು ಟೀ ತರಿಸುವುದು. ವಾರದಲ್ಲಿ ನಾನು ನೆಟ್ಟಗೆ ಮಾತಾಡುತ್ತಿದ್ದದ್ದು ಅದೊಂದೇ ದಿನ. ಕೊನೆಗೆ ಬೋರ್ಡು ಬಂತು. "ಈಗ್ಲೇ ಬ್ಯಾಡಿ ಸಾರ್, ಇನ್ನೂ ಸ್ಟೇಬಲ್ ಆಗಿಲ್ಲ. ಅಪ್‌ಡೇಟ್ ಬರ್ಲಿ" ಎಂದ ರಿಯಾಜ್. ಮುಖದಲ್ಲಿ ಬೇಸರ ತಂದುಕೊಂಡೆ. ಒಳಗೊಳಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತು ಟೀ ಜೊತೆ ಬನ್ನನ್ನೂ ತಿಂದೆ.

ಆದರೆ ಯಾವ ಚಿಪ್‌ಸೆಟ್ಟೂ ನನಗೋಸ್ಕರ ಕೆಟ್ಟೇ ಕೂತಿರುವುದಿಲ್ಲ. ಮೂರು ಅಪ್‌ಡೇಟ್ ಆದ ಮೇಲೆ ರಿಯಾಜ್ ಡಬ್ಬಿಯನ್ನು ಮುಂದಿಟ್ಟು, "ಈಗ ಗಟ್ಟಿಯಾಗೈತೆ, ತಗಳಿ" ಎಂದ. ಕೈ ತನ್ನಷ್ಟಕ್ಕೆ ಅದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿತು. "ಅಲ್ಲಾಡುಸ್ಬ್ಯಾಡಿ ಸಾರ್, ಇದ್ರಲ್ಲಿ ಸದ್ದು ಬಂದ್ರೆ ಕೆಟ್ಟೋಗೈತೆ ಅಂತ" ಎಂದು ಕಸಿದುಕೊಂಡ. "ಇದರ ಮುಂದಿನದು ಯಾವಾಗ ಬರುತ್ತಂತೆ?" ಎಂದು ಕೇಳಿ ನೋಡಿದೆ. ಅವನು ಸ್ಕ್ರೂಡ್ರೈವರ್ ತೆಗೆದುಕೊಂಡ.

ಹೊಸ ಬೋರ್ಡು ಹಾಕಿದ ಕಂಪ್ಯೂಟರ್ ನಿಲ್ಲುವುದಿಲ್ಲ, ಬಿಸಿಯಾಗುವುದಿಲ್ಲ, ಗೊರ್ ಎನ್ನುವುದೂ ಇಲ್ಲ. ಆ ವಾರ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಶನಿವಾರ ಬಂತು. ಸುಮ್ಮನೆ ಹೋಗಲು ನಾಚಿಕೆ, ಹೋಗದಿರಲು ಆಗದು. ಅಟ್ಟ ಹತ್ತಿ ಒಂದು ಕಾಯಿ ತೆಗೆದು ಚೀಲಕ್ಕೆ ಹಾಕಿಕೊಂಡೆ. "ನನ್ನ ಕಿವಿ ಸರಿಯಿಲ್ಲಪ್ಪ. ಕೊಬ್ಬರಿಯಾಗಿದೆಯಾ ನೋಡು" ಎಂದು ರಿಯಾಜ್‌ನ ಕೈಗೆ ಕೊಟ್ಟೆ.

ಅವನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ನನ್ನ ಮುಖ ನೋಡಿದ. ಇನ್ನೊಮ್ಮೆ ಅಲ್ಲಾಡಿಸಿದ.

"ಇನ್ನೂ ಆಗಿಲ್ಲ ಸಾರ್" ಎಂದ, ಟೀ ಹೇಳಲು ಏಳುತ್ತಾ. "ಮುಂದಿನ ಶನಿವಾರ ತನ್ನಿ, ನೋಡಾನ."

ನೊಣವಿನಕೆರೆಯಿಂದ ತಿಪಟೂರಿನವರೆಗೂ ಆ ಕಾಯಿ ಚೀಲದೊಳಗೆ ಲೊಡಲೊಡ ಎನ್ನುತ್ತಲೇ ಬಂದಿತ್ತು.