ಬಂಡೆಯ ಹಿಂದೆ ಅಡಗಿದವರಿಗೆ ಐದು ಅಂಕ

ರಾಯಚೂರಿನ ಪಿಯು ಕಾಲೇಜೊಂದರಲ್ಲಿ ನಾನು ಹದಿನೆಂಟು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಎಸೆದ ಕಲ್ಲು ಎಲ್ಲಿ ಬೀಳುತ್ತದೆ ಎಂಬುದನ್ನು ಕರಿಹಲಗೆಯ ಮೇಲೆ ಸಾಧಿಸಿ ತೋರಿಸುವವನು. ಅಂಥವನಿಗೆ ಬಾಣ ಬಿಡುವ ಆಟವೊಂದನ್ನು ಮನೆಯೊಳಗೆ ಕೂತು ನಡೆಸುವುದು ಯಾವ ಮಹಾ ಕೆಲಸ!

ಆಟ ಮನೆಯಲ್ಲಿ ಶುರುವಾಗಲು ಕಾರಣ ನನ್ನ ಹೆಂಡತಿ ವಿಜಯಾಳ ಕಾಲು. ಮಾನ್ವಿಗೆ ಮದುವೆಗೆ ಹೋದವಳು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಮೊದಲ ವಾರಕ್ಕೆ ಅವಳಿಗೆ ಟಿವಿ ಬೇಸರವಾಯಿತು. ಎರಡನೆಯ ವಾರಕ್ಕೆ ಮೊಬೈಲ್. ಮೂರನೆಯ ವಾರಕ್ಕೆ ನಾನು. ದಿನವಿಡೀ ಮಾತಾಡುತ್ತಿದ್ದವಳು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಾಗ ನಿಜಕ್ಕೂ ಹೆದರಿದೆ. ವರ್ಗವಾಗಿ ಹೋಗುವಾಗ ನಮ್ಮ ಇಂಗ್ಲಿಷ್ ಉಪನ್ಯಾಸಕರು ಕೊಟ್ಟು ಹೋಗಿದ್ದ ಆಟದ ಡಬ್ಬಿ ಆಗ ನೆನಪಾಯಿತು.

ಆಟ ಸರಳ. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗಬೇಕು. ಬಾಣ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ; ದಾಳದ ಅಂಕ ಎದುರಿನವರ ರಕ್ಷಣೆಯ ಅಂಕವನ್ನು ಮುಟ್ಟಿದರೆ ತಾಗಿದಂತೆ. ಕಥೆ ಹೇಳುವವನೇ ನ್ಯಾಯಾಧೀಶ. ಆ ಹುದ್ದೆಯನ್ನು ನನಗೆ ನಾನೇ ದಯಪಾಲಿಸಿಕೊಂಡೆ. ನಿಯಮದ ಪುಸ್ತಕವನ್ನೂ ಓದಿದೆ. ಉಪ್ಪಿಟ್ಟು ತಿರುವುತ್ತ ಓದಿದೆ ಎಂಬುದು ಸಣ್ಣ ವಿಷಯ.

ಭಾನುವಾರ ಮಧ್ಯಾಹ್ನ ವಿಜಯಾಳ ಮಂಚದ ಪಕ್ಕ ಮೇಜು ಎಳೆದು ಕೂತೆವು. ಅವಳ ತಂಗಿ ಮಹಾದೇವಿ ದೇವದುರ್ಗದಿಂದ ಬಂದಿದ್ದಳು. ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪಕ್ಕದ ಮನೆಯ ಬಳೆ ಅಂಗಡಿಯ ಖದೀರ್ ಸಾಬರು ಗುರಾಣಿ ಹಿಡಿದ ಸಿಪಾಯಿಯಾದರು. ವಿಜಯಾ ಬಿಲ್ಲುಗಾರ್ತಿ. ಹೆಸರು ಚಂದ್ರವ್ವ. ಚಂದ್ರವ್ವನ ತವರು, ಸಿಟ್ಟು, ಇಷ್ಟದ ಪಲ್ಯ ಎಲ್ಲ ಸೇರಿಸಿ ಎರಡು ಪುಟ ಬರೆದಿದ್ದಳು! ಅವಳು ಗೋಡೆ ಬಿಟ್ಟು ಇತ್ತ ತಿರುಗಿದ್ದು ನೋಡಿಯೇ ನನಗೆ ಅರ್ಧ ಗೆದ್ದಂತಾಯಿತು.

ಉಪ್ಪಿನ ಹರಳುಗಳೇ ಬಂಡೆಗಳು, ಶೇಂಗಾ ಬೀಜಗಳೇ ಕಳ್ಳರು. ಕಳ್ಳರಲ್ಲೊಬ್ಬನನ್ನು ಖದೀರ್ ಸಾಬರು ಮಾತಿನ ಭರದಲ್ಲಿ ತಿಂದುಬಿಟ್ಟರು. ಉಳಿದ ಕಳ್ಳರು ಬಿಲ್ಲೆತ್ತಿದರು. ನಮ್ಮ ಆಟಗಾರರು ಮೂವರೂ ಬುದ್ಧಿವಂತಿಕೆಯಿಂದ ಬಂಡೆಗಳ ಹಿಂದೆ ಅಡಗಿದರು.

“ಅಡಗಿದವರ ಮ್ಯಾಲ ಬಾಣ ಬಿಟ್ರ, ದಾಳಕ್ಕ ಐದು ಕೂಡಿಸಬೇಕು!” ಎಂದು ನಾನು ಗಂಭೀರವಾಗಿ ಘೋಷಿಸಿದೆ.

ಕಳ್ಳರ ಪರವಾಗಿ ದಾಳ ಉರುಳಿಸಿದೆ. ಹತ್ತು ಬಿತ್ತು. ಐದು ಕೂಡಿ ಹದಿನೈದು. ಖದೀರ್ ಸಾಬರಿಗೆ ತಾಗಿತು. ಮತ್ತೆ ಉರುಳಿಸಿದೆ. ಮಹಾದೇವಿಗೆ ತಾಗಿತು. ಚಂದ್ರವ್ವನಿಗಂತೂ ಸಾಲಾಗಿ ತಾಗಿದವು.

“ಯೇ ಕೈಸಾ ಕಾನೂನ್ ಸರ್?” ಎಂದರು ಖದೀರ್ ಸಾಬರು. “ಅಡಗಿದ್ರ ಹೊಡೀತಾರ, ಬಯಲಾಗ ನಿಂತ್ರ ಬಿಡ್ತಾರೇನ್ರಿ?”

“ಅಡಗಿದಾಂವ ಒಂದ ಕಡಿ ಕುಂತಿರ್ತಾನ. ಬಾಣ ಬಿಡಾಂವಗ ಗುರಿ ಗಟ್ಟಿ ಸಿಗ್ತದ. ಇದು ವಿಜ್ಞಾನ!” ಎಂದೆ.

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಖದೀರ್ ಸಾಬರು ಗುರಾಣಿ ಎಸೆದು ಬಯಲಿಗೆ ಬಂದು ನಿಂತರು. ಒಂದು ಬಾಣವೂ ತಾಗಲಿಲ್ಲ! ಬಂಡೆ ಬಿಡಲು ಒಪ್ಪದ ಚಂದ್ರವ್ವ ಮಾತ್ರ ಏಳನೆಯ ಬಾಣಕ್ಕೆ ಪ್ರಾಣ ಬಿಟ್ಟಳು. ವಿಜಯಾ ಎರಡು ಪುಟವನ್ನು ಮಡಚಿ ದಿಂಬಿನ ಕೆಳಗಿಟ್ಟಳು. ಅವಳ ಮುಖ ಮೆಲ್ಲಗೆ ಮತ್ತೆ ಗೋಡೆಯ ಕಡೆ ಹೊರಳತೊಡಗಿತು.

ಮಹಾದೇವಿಗೆ ತಡೆಯಲಾಗಲಿಲ್ಲ. “ಭಾವಾ, ನಮ್ಮೂರು ಮಸರಕಲ್ಲಿನ ಹೊಲದಾಗ ಕವಣಿ ಬೀಸಿ ಬೆಳದಾಕಿ ನಾ. ಕಲ್ಲಿನ ಹಿಂದ ಕುಂತ ಹಕ್ಕಿಗಿ ಒಂದರ ಏಟು ಬಿದ್ದಿಲ್ಲ. ನಿಮ್ಮ ವಿಜ್ಞಾನ ಯಾವ ಊರಿಂದು?”

ಇಲ್ಲಿ “ಪುಸ್ತಕ ಮತ್ತೊಮ್ಮೆ ನೋಡ್ತೀನಿ” ಎಂದಿದ್ದರೆ ಮುಗಿಯುತ್ತಿತ್ತು. ನಾನು ಏನೆಂದೆ? “ನಡೀ ಮಾಳಿಗಿ ಮ್ಯಾಲ! ಮಾಡೇ ತೋರಸ್ತೀನಿ!” ಎಂದೆ.

ಮಾಳಿಗೆಯ ಮೇಲೆ ಖಾಲಿ ಡ್ರಮ್ಮಿನ ಹಿಂದೆ ನಾನು ಕೂತೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಮಹಾದೇವಿ ನನ್ನದೇ ಟವೆಲನ್ನು ಮಡಚಿ ಕವಣೆ ಮಾಡಿಕೊಂಡು ನಿಂತಳು. ಉಪ್ಪಿನಕಾಯಿಗೆ ತಂದಿದ್ದ ನಿಂಬೆಹಣ್ಣುಗಳೇ ಬಾಣ. ಖದೀರ್ ಸಾಬರು ಪಂಚರು.

ಮೊದಲ ನಿಂಬೆ ಡ್ರಮ್ಮಿಗೆ ಬಡಿಯಿತು. ಎರಡನೆಯದೂ ಡ್ರಮ್ಮಿಗೆ. ಮೂರನೆಯದು ನನ್ನ ತಲೆಯ ಮೇಲಿಂದ ಹಾರಿ ಪಕ್ಕದ ಮಾಳಿಗೆಯಲ್ಲಿ ಒಣಹಾಕಿದ್ದ ಸಂಡಿಗೆಯ ಮಧ್ಯೆ ಬಿತ್ತು.

“ಕೌನ್ ಹೈ ವೋ?” ಎಂದು ಅತ್ತಲಿಂದ ಹೆಣ್ಣುದನಿ ಗುಡುಗಿತು. ಅದು ಖದೀರ್ ಸಾಬರ ಹೆಂಡತಿಯ ದನಿ. ಪಂಚರು ತಕ್ಷಣ ಮೆಟ್ಟಿಲ ಗೋಡೆಯ ಹಿಂದೆ ಪೂರ್ತಿಯಾಗಿ ಅಡಗಿದರು!

ಆಗ ನನಗೊಂದು ಸತ್ಯ ಹೊಳೆಯಿತು. ತಪ್ಪಿದ ಒಂದೊಂದು ನಿಂಬೆಹಣ್ಣೂ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನಾನು ಗೆಲ್ಲಬೇಕಾದರೆ ನನಗೆ ಏಟು ಬೀಳಲೇಬೇಕು! ಹಾಗಾಗಿ ಸ್ವಲ್ಪ ಸಹಕರಿಸಿದೆ. ಮೂಗಿನವರೆಗೆ ತಲೆ ಎತ್ತಿದೆ. ತಪ್ಪಿತು. ಕುತ್ತಿಗೆಯವರೆಗೆ ಎತ್ತಿದೆ. ತಪ್ಪಿತು.

“ಭಾವಾ, ಅಡಗ್ರೀ! ಹಿಂಗ ನಿಂತ್ರ ತಾಗ್ತದ!” ಎಂದು ಕೂಗುತ್ತಲೇ ಅವಳು ಬೀಸಿದಳು.

ಆರನೆಯದು ಹಣೆಗೆ ಬಿತ್ತು. ನಡುಹಣೆಗೆ.

ಕಣ್ಣಿಗೆ ಕತ್ತಲೆ ಬಂತು. ಆದರೂ ನಾನು ಸಂತೋಷದಿಂದ, ಹಣೆ ಹಿಡಿದುಕೊಂಡು, ಕೆಳಗೆ ಓಡಿದೆ. “ಬಿತ್ತು! ಅಡಗಿದ್ರೂ ಬಿತ್ತು!”

ವಿಜಯಾ ಮಂಚದ ಮೇಲೆ ಎದ್ದು ಕೂತು ನಿಯಮದ ಪುಸ್ತಕ ಓದುತ್ತಿದ್ದಳು. ಒಂದು ಸಾಲಿನ ಕೆಳಗೆ ಬೆರಳಿಟ್ಟಿದ್ದಳು.

“ರೀ, ಈ ಐದು ಹೊಡಿಯೋರಿಗಿ ಅಲ್ಲ. ಅಡಗಿದೋರಿಗಿ. ಅವರ ರಕ್ಷಣಿಗಿ ಕೂಡಿಸಬೇಕಂತ ಬರದಾರ.” ಆಮೇಲೆ ನನ್ನ ಮುಖ ನೋಡಿದಳು. “ಅಯ್ಯ, ಹಣಿಗೇನಾತು?”

“ನಿಂಬಿಹಣ್ಣು.”

ವಿಜಯಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಪ್ಲಾಸ್ಟರ್ ಕಾಲು ದಿಂಬಿನಿಂದ ಜಾರುವ ಹಾಗೆ ನಕ್ಕಳು. ಮೂರು ವಾರದ ಮೇಲೆ ಕೇಳಿದ ನಗು. ಹಣೆ ಸಿಡಿಯುತ್ತಿದ್ದರೂ ಅದನ್ನು ಕೇಳುತ್ತ ನಿಂತೆ.

ಮರುವಿಚಾರಣೆ ನಡೆಯಿತು. ಏಳು ಬಾಣಗಳಲ್ಲಿ ಆರು ಬಂಡೆಗೆ ಬಡಿದವೆಂದು ತೀರ್ಮಾನವಾಯಿತು. ಮೃತ ಚಂದ್ರವ್ವನವರನ್ನು ಜೀವಂತರೆಂದು ಘೋಷಿಸಲಾಯಿತು. ನನ್ನನ್ನು ಹುದ್ದೆಯಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಯಿತು. ಇನ್ನು ಮುಂದೆ ವಿಜಯಾಳೇ ಕಥೆ ಹೇಳುವುದು, ಚಂದ್ರವ್ವನನ್ನು ಮಹಾದೇವಿ ಆಡಿಸುವುದು ಎಂದಾಯಿತು.

ಮುಂದಿನ ಭಾನುವಾರ ನಾನೂ ಒಬ್ಬ ಸಾಮಾನ್ಯ ಆಟಗಾರ. ಕತ್ತೆ ಹೊಡೆಯುವವನ ಪಾತ್ರ. ಈ ಸಲ ನಿಯಮವನ್ನು ಎರಡು ಬಾರಿ, ಒಲೆ ಆರಿಸಿ ಓದಿದ್ದೆ. ಪೂರ್ತಿ ಅಡಗಿದವನಿಗೆ ಯಾವ ಬಾಣವೂ ತಾಗುವಂತಿಲ್ಲ! ಕಳ್ಳರು ಬಂದ ಕೂಡಲೇ ಹುಲ್ಲಿನ ಗಾಡಿಯ ಹಿಂದೆ ಪೂರ್ತಿ ಅಡಗಿದೆ.

ನನ್ನ ಸರದಿ ಬಂತು. “ಕಲ್ಲು ಹೊಡೀತೀನಿ,” ಎಂದೆ.

“ಯಾರಿಗಿ?” ಎಂದಳು ವಿಜಯಾ. “ನೀವು ಪೂರ್ತಿ ಅಡಗೀರಿ. ನಿಮಗ ಯಾರೂ ಕಾಣಂಗಿಲ್ಲ.”

ಕಲ್ಲು ಕೆಳಗಿಟ್ಟೆ. ಮುಂದಿನ ಸರದಿಯಲ್ಲೂ ಅಡಗಿಯೇ ಇದ್ದೆ. ಯುದ್ಧ ಮುಗಿಯಿತು. ಕಳ್ಳರು ಸೋತರು. ಖದೀರ್ ಸಾಬರು ಸೋತವರಲ್ಲಿ ಇಬ್ಬರನ್ನು ತಿಂದರು. ಎಲ್ಲರೂ ಮುಂದಿನ ಊರಿಗೆ ಹೊರಟರು, ನನ್ನ ಕತ್ತೆಯನ್ನೂ ಹೊಡೆದುಕೊಂಡು!

“ನಾನು?” ಎಂದೆ.

“ಅಲ್ಲೇ ಇರ್ರಿ, ನಿಮಗೇನೂ ಆಗಂಗಿಲ್ಲ,” ಎಂದಳು ವಿಜಯಾ, ತಲೆ ಎತ್ತದೆ. “ಹೆಂಗೂ ಖಾಲಿ ಕುಂತೀರಿ, ನಾಕು ಕಪ್ ಚಾ ಇಡ್ರಿ.”

ಅಡುಗೆಮನೆಗೆ ಹೋಗಿ ಹಾಲಿಟ್ಟೆ. ಪಾತ್ರೆಯ ಮೇಲೆ ಇಟ್ಟ ಕಣ್ಣು ತೆಗೆಯದೆ ಒಲೆಯ ಮುಂದೆಯೇ ನಿಂತಿದ್ದೆ; ಕಿವಿ ಮಾತ್ರ ಆಚೆ ವಿಜಯಾ ಹೇಳುತ್ತಿದ್ದ ಕಥೆಯ ಕಡೆಗಿತ್ತು.

ಹಾಲು ಉಕ್ಕಿತು.