ಅತ್ತೆಯ ಮೂರನೇ ತರಗತಿ

ನನ್ನ ಸೋದರತ್ತೆ ಮೂರನೇ ತರಗತಿಯಲ್ಲಿ ಕಲಿಯುತ್ತಿರುವುದು ಇದು ಹದಿನಾಲ್ಕನೆಯ ವರ್ಷ! ಫೇಲಾದವಳೆಂದು ದಯವಿಟ್ಟು ತಿಳಿಯಬೇಡಿ. ಅವಳು ಪರೀಕ್ಷೆಗೇ ಕೂತಿಲ್ಲ. ಬನ್ನೂರಿನ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಅಡುಗೆಕೋಣೆಯ ಕಿಟಕಿ ಅಂಗಳದಾಚೆಯ ಮೂರನೇ ತರಗತಿಯ ಬಾಗಿಲಿಗೆ ಎದುರಾಗಿದೆ. ನಾಲ್ಕನೆಯದರ ಬಾಗಿಲು ಆ ಕಡೆಗಿದೆ. ಅವಳ ವಿದ್ಯಾಭ್ಯಾಸ ಮುಂದುವರಿಯದಿದ್ದರೆ ಅದು ಕಟ್ಟಡ ಕಟ್ಟಿದವರ ತಪ್ಪಲ್ಲವೇ?

ಮೈಸೂರಿನಲ್ಲಿ ಓದು ಮುಗಿಸಿದ ನಾನು ಈ ಜೂನ್‌ನಲ್ಲಿ ಅತಿಥಿ ಶಿಕ್ಷಕಿಯಾಗಿ ನಂಜನಗೂಡಿನಿಂದ ಅದೇ ಮೂರನೇ ತರಗತಿಗೆ ಬಂದೆ. ವಾಸ ಅತ್ತೆಯ ಮನೆಯಲ್ಲೇ. ಮನೆಯಲ್ಲಿ ನಾನು 'ಕೂಸೇ'. ಶಾಲೆಯ ಗೇಟು ದಾಟಿದೊಡನೆ 'ಮಿಸ್ಸೇ'. ಗೇಟಿನ ನಡುವೆ ನಿಂತಾಗ ಏನೆಂದು ಕರೆಯುತ್ತೀಯೆಂದು ಒಮ್ಮೆ ಕೇಳಿದೆ. "ದಾರೀಗಡ್ಡ ನಿಂತಿರೋಳು! ಬಿರ್ನೆ ನಡಿ ಒಳೀಕೆ!" ಎಂದಳು.

ಪ್ರತಿ ಸೋಮವಾರ ಅವಳಿಗೊಂದು ವರದಿ ಒಪ್ಪಿಸಬೇಕು. "ಈ ವಾರ ಏನ್ ಪಾಠ ಮಿಸ್ಸೇ?" ಆ ವಾರದ ಅಡುಗೆಯೂ ಬಡಿಸುವ ರೀತಿಯೂ ಅದರಂತೆ. ಸಸ್ಯದ ಭಾಗಗಳ ವಾರ ಸಾಂಬಾರಿಗೆ ಮೂಲಂಗಿ, ಸೊಪ್ಪು, ಕಾಯಿ, ಕಾಳು ಎಲ್ಲವೂ ಬಿದ್ದವು. "ಬೇರು ಸಿಕ್ಕಿದವ್ರು ಕೈ ಎತ್ರವ್ವ!" ಮೂಲಂಗಿ ಕಂಡರೆ ಮೂಗು ಮುರಿಯುತ್ತಿದ್ದವರು ಅಂದು ಬೇರನ್ನು ಬೇಡಿ ತಿಂದರು. ಭಿನ್ನರಾಶಿಯ ವಾರ ಪ್ರತಿ ಬಾಳೆಹಣ್ಣೂ ನಾಲ್ಕು ತುಂಡಾಯಿತು. "ನಂಗೆ ಇಡೀ ಅಣ್ಣು ಬೇಕು" ಎಂದು ಒಬ್ಬಳು ಅತ್ತಾಗ ಅತ್ತೆ ದಂಗಾದಳು. "ನಾಕು ತುಂಡೂ ನಿನ್ ತಟ್ಟೇಲೇ ಅವಲ್ಲವ್ವ! ಜೋಡುಸ್ಕೊ!"

ಆಮೇಲೆ ದಿಕ್ಕುಗಳ ವಾರ ಬಂತು. ಸೋಮವಾರವೇ, ಸಾಂಬಾರಿನ ಪಾತ್ರೆ ಹೊತ್ತು ಬಂದ ಅತ್ತೆಗೆ ಮುಖ್ಯೋಪಾಧ್ಯಾಯರು ಅಡ್ಡ ನಿಂತಿದ್ದರು. "ಸಾ, ವಸಿ ಪಶ್ಚಿಮಕ್ಕೆ ಜರುಗಿ." ಪಾಪ, ಅವರು ಪೂರ್ವಕ್ಕೆ ಸರಿದು ಅಂಗಿಯ ಮೇಲೆ ಸಾಂಬಾರು ಮಾಡಿಕೊಂಡರು.

ಅಂಗಿ ಒರೆಸಿಕೊಳ್ಳುತ್ತಾ ಅವರು ನನ್ನನ್ನು ಅಡುಗೆಕೋಣೆಯ ಕಿಟಕಿಯ ಮಗ್ಗುಲಿಗೆ ಕರೆದು ಮೆಲ್ಲಗೆ ಹೇಳಿದರು: "ನೋಡಮ್ಮ, ನಿನ್ನ ಪಾಠ ಮೂರನೇ ಸಾಲಿಗೂ ಕೇಳಿಸ್ತಿಲ್ಲ. ಶುಕ್ರವಾರ ಬಂದು ಹಿಂದೆ ನಿಂತ್ಕೊತೀನಿ. ಹಂಗೇ ಇದ್ರೆ ಈ ಕ್ಲಾಸು ಬೇರೆಯವರಿಗೆ ಕೊಡ್ಬೇಕಾಗುತ್ತೆ." ನನ್ನ ಧ್ವನಿ ಹುಟ್ಟಿನಿಂದಲೇ ಸಣ್ಣದು. ಈ ಮಾತನ್ನು ಯಾರಿಗೂ ಹೇಳಲಿಲ್ಲ. ಬಟ್ಟೆಗಳನ್ನು ಮಾತ್ರ ಮಡಿಸಿ ಮತ್ತೆ ಬ್ಯಾಗಿಗೆ ತುಂಬಿಟ್ಟೆ.

ಮಂಗಳವಾರ, "ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ" ಎಂದೆ. ಅಡುಗೆಕೋಣೆಯ ಕಿಟಕಿಯಿಂದ ಒಂದು ಸೌಟು ಹೊರಬಂತು.

"ಎಲ್ ಉಟ್ತಾನೆ ಮಿಸ್ಸೇ? ಕೇಳಿಸ್ನಿಲ್ಲ!"

"ಪೂರ್ವದಲ್ಲಿ!"

"ನಂಗೆ ಕಿವಿ ಮಂದ ಆಗದೆ ಕಣವ್ವ. ಇನ್ನೊಸಿ ಜೋರಾಗಿ!"

ಆ ಒಂದೇ ದಿನ ಸೂರ್ಯ ಎಂಟು ಸಲ ಹುಟ್ಟಿದ! ಬುಧವಾರ ಅವನನ್ನು ಮುಳುಗಿಸಲು ಅಷ್ಟೇ ಪಾಡುಪಟ್ಟೆ. ಗುರುವಾರ ಸಿಟ್ಟು ನೆತ್ತಿಗೇರಿ ನಾನು "ಉತ್ತರ!" ಎಂದು ಕೂಗಿದ ರಭಸಕ್ಕೆ ಪಕ್ಕದ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ದಕ್ಷಿಣಕ್ಕೆ ಹಾರಿದವು. ಶುಕ್ರವಾರ ಮುಖ್ಯೋಪಾಧ್ಯಾಯರು ಒಳಗೆ ಬರಲೇ ಇಲ್ಲ. ಬಾಗಿಲಲ್ಲೇ ನಿಂತು, "ಆಫೀಸಿಗೇ ಕೇಳಿಸ್ತು ಬಿಡಮ್ಮ. ಕ್ಲಾಸು ನಿಂದೇ" ಎಂದು ಹೊರಟುಹೋದರು.

ಸಂಜೆ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಅವಳ ಕಿವಿಗೆ ಬಾಯಿಟ್ಟು ಅರಚಿದೆ: "ಅತ್ತೇ, ನಾಳೆ ನಂಜನಗೂಡಿಗೆ ಹೋಗಿ ಕಿವಿ ತೋರಿಸೋಣ!"

"ಯಾಕ್ ಕೂಸೇ ಇಂಗೆ ಬಡ್ಕೊತೀಯ? ನನ್ ಕಿವಿಗೇನಾಗದೆ?"

"ಮಂದ ಆಗಿದೆ ಅಂದಿದ್ಯಲ್ಲ!" ಎಂದೆ. ಅವಳು ಸುಲಿಯುತ್ತಲೇ ಹೇಳಿದಳು: "ನಾನೂ ಮೂರ್ನೇ ಕ್ಲಾಸ್ಗಂಟ ಓಗಿದ್ದೆ ಕಣವ್ವ. ನಿನ್ನಂಗೇಯ, ಗಂಟ್ಲಿಂದ ಸದ್ದೇ ಬತ್ತಿರ್ನಿಲ್ಲ. ಆಜ್ರಿ ಕೂಗ್ದಾಗ 'ಬಂದಿವ್ನಿ ಸಾ' ಅಂತಿದ್ದೆ, ಮೇಷ್ಟ್ರಿಗೆ ಕೇಳಿಸ್ತಿರ್ನಿಲ್ಲ. ಇವ್ಳು ಬರೋದೇ ಇಲ್ಲ ಅಂತ ಪುಸ್ತಕ್ದಲ್ಲಿ ನನ್ ಎಸ್ರು ಒಡೆದಾಕ್ಬುಟ್ರು."

"ಇಲ್ಲೇ ಇದೀನಿ ಅಂತ ಹೇಳ್ಬಾರ್ದಿತ್ತಾ ಅತ್ತೆ?"

"ಯೋಳ್ದೆ. ಅದೂ ಕೇಳಿಸ್ನಿಲ್ಲ."

ಹೇಳಿ ನಕ್ಕಳು. ನನಗೆ ನಗಲಾಗಲಿಲ್ಲ. ಕೃತಜ್ಞತೆಯ ಮಾತುಗಳನ್ನು ಬರೆಯಬಲ್ಲೆ, ಎದುರಿಗೆ ಆಡಲಾರೆ. ಅವಳ ಮೊರವನ್ನು ನನ್ನ ಮಡಿಲಿಗೆಳೆದುಕೊಂಡು ಉಳಿದ ಕಾಯಿಗಳನ್ನೆಲ್ಲ ಸುಲಿದೆ.

ಸೋಮವಾರ ಹಾಜರಿ ಪುಸ್ತಕ ಹಿಡಿದು ಕೊನೆಯ ಸಾಲಿನವರೆಗೆ ನಡೆದುಹೋದೆ. ಅಲ್ಲಿ ಗೋಡೆಗೆ ಒರಗಿ ಕೂರುವ ಪುಟ್ಟ ಹುಡುಗಿಯ ಹೆಸರು ಕರೆದು, ಅವಳ ತುಟಿ ಅಲುಗುವವರೆಗೂ ಬಗ್ಗಿ ನಿಂತೆ.